ಚಿನ್ನದ ಕೈಗವಸು

ಚಳಿಗಾಲದಲ್ಲಿ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಆಟವಿಲ್ಲ, ವಾದವುಂಟು. ಯಾವ ಪಿಚರ್‌ಗೆ ಎಷ್ಟು ಕೋಟಿ ಡಾಲರು, ಯಾರನ್ನು ಕೊಟ್ಟು ಯಾರನ್ನು ತರಬೇಕು ಎಂಬುದೇ ಮಾತು. ನನಗೆ ರುಚಿಸುವುದು ಮಾತ್ರ ಫೀಲ್ಡಿಂಗಿಗೆ ಕೊಡುವ ‘ಗೋಲ್ಡ್ ಗ್ಲೋವ್’ ಪ್ರಶಸ್ತಿಯ ಜಗಳ. 1999ರಲ್ಲಿ ಟೆಕ್ಸಾಸ್ ತಂಡದ ರಫೇಲ್ ಪಾಲ್ಮೇರೊ ಫಸ್ಟ್ ಬೇಸ್ ಕಾದದ್ದು ಬರೀ 28 ಪಂದ್ಯಗಳಲ್ಲಿ. ಉಳಿದಂತೆ ಹೆಚ್ಚಾಗಿ ಬ್ಯಾಟು ಹಿಡಿದದ್ದಷ್ಟೆ. ಆದರೂ ಮತ ಹಾಕುವ ಮ್ಯಾನೇಜರು, ಕೋಚುಗಳು ಆ ಸ್ಥಾನದ ಪ್ರಶಸ್ತಿಯನ್ನು ಅವರಿಗೇ ಕೊಟ್ಟರು! ಕೆಲಸ ನೋಡಲಿಲ್ಲ, ಹೆಸರು ನೋಡಿ ಮಣೆ ಹಾಕಿದರು. 2013ರಿಂದ ಅಂಕಿಅಂಶಕ್ಕೂ ಸುಮಾರು ಕಾಲುಪಾಲು ತೂಕ ಸಿಕ್ಕಿದೆ; ಒಳ್ಳೆಯದೇ ಆಯಿತು. ಪಿಚರ್‌ನ ಕೀರ್ತಿಯಲ್ಲಿ ಅವನ ಬೆನ್ನ ಹಿಂದೆ ನಿಂತು ಚೆಂಡು ಹಿಡಿದವರ ಪಾಲೂ ಇದೆ. ಅವರನ್ನು ಸರಿಯಾಗಿ ಅಳೆಯಲಾರದವರು ಆ ಪಿಚರ್‌ಗೆ ಬೆಲೆ ಕಟ್ಟುವುದಾದರೂ ಹೇಗೆ?