ಕಬ್ಬಿನ ಹೊಲದ ತನಕ ಬಾರದ ಕಾಯ್ದೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೆಳಗಾವಿ ಜಿಲ್ಲೆಯ ಹೊಲಗಳ ಬದಿಯಲ್ಲಿ ತಾಡಪತ್ರಿಯ ಗುಡಿಸಲುಗಳು ಏಳುತ್ತವೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಮೂಡಲಗಿಯ ಹುಣಶ್ಯಾಳ ಪಿ.ಜಿ., ಗೋಕಾಕದ ಘಟಪ್ರಭಾ ಭಾಗ, ಎಲ್ಲ ಕಡೆ ಕಾರ್ಖಾನೆಗಳಿವೆ. ಜಿಲ್ಲೆಗೆ ಕಬ್ಬು ಕಡಿಯಲು ಬರುವವರಲ್ಲಿ ಮಹಾರಾಷ್ಟ್ರದ ಬೀಡ ಕಡೆಯ ಗ್ಯಾಂಗುಗಳೂ ಇರುತ್ತವೆ. ಆ ಗ್ಯಾಂಗುಗಳ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’. ಆಳುಗಳನ್ನು ಕರೆತರುವ ಗುತ್ತಿಗೆದಾರ, ಅಂದರೆ ಮುಕಾದಮ, ಮುಂಗಡ ಕೊಡುವುದು ಜೋಡಿಗೆ, ಎಣಿಸಿಕೊಳ್ಳುವುದು ಸಾಮಾನ್ಯವಾಗಿ ಗಂಡ. ರಾತ್ರಿ ಏಟು ತಿಂದವಳು ಬೆಳಿಗ್ಗೆ ತವರಿನ ದಾರಿ ಹಿಡಿದರೆ ಕೊಯ್ತಾ ಮುರಿಯುತ್ತದೆ. ಮುಂಗಡ ಹಾಗೇ ತಲೆ ಮೇಲೆ ಉಳಿಯುತ್ತದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಯ 2005ರ ಕಾಯ್ದೆ ಇಂಥ ಹೆಣ್ಣುಮಗಳಿಗೆ ಎಷ್ಟು ಉಪಯೋಗ?

ಬರವಣಿಗೆಯ ಮಟ್ಟಿಗೆ ಕಾಯ್ದೆ ಉದಾರವಾಗಿದೆ. ಅದರ 27ನೇ ಕಲಮಿನ ಪ್ರಕಾರ ಆಕೆ ತಾತ್ಕಾಲಿಕವಾಗಿ ಇರುವ ಅಥವಾ ದುಡಿಯುವ ಊರಿನ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಕೊಡಬಹುದು. ಮದುವೆ ಬೀಡದಲ್ಲಾಗಿದ್ದರೂ ಹುಕ್ಕೇರಿಯ ನ್ಯಾಯಾಲಯ ಆಕೆಯ ಮಾತು ಕೇಳಲೇಬೇಕು, ಅಲ್ಲಿ ಹೊರಟ ಆದೇಶ ದೇಶದಾದ್ಯಂತ ನಡೆಯುತ್ತದೆ. ಗಂಡನ ಮನೆ ಬಿಟ್ಟು ತವರು ಸೇರಿದವಳು ಅಲ್ಲಿಂದಲೇ, ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧ ಆಗಿನ ಭಾರತೀಯ ದಂಡ ಸಂಹಿತೆಯಲ್ಲಿದ್ದ 498ಎ ಕಲಮಿನಡಿ ದೂರು ಕೊಡಬಹುದೆಂದು ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಗಂಡನ ನಂಟು ಕಡಿದರೂ ಇರುವಲ್ಲೇ ಇದ್ದು ನ್ಯಾಯ ಕೇಳುವ ಈ ಹಕ್ಕಿನ ಬೆಲೆ ತಿಳಿಯಲು ಅಮೆರಿಕದತ್ತ ನೋಡಬೇಕು. ಎಚ್-1ಬಿ ಎಂಜಿನಿಯರನ ಹೆಂಡತಿಯಾಗಿ ಎಚ್-4 ವೀಸಾದಲ್ಲಿ ಹೋದವಳಿಗೆ ಗಂಡನ ಜೊತೆಗಿನ ನಂಟೇ ಆ ದೇಶದಲ್ಲಿರುವ ಹಕ್ಕು. ವಿಚ್ಛೇದನವಾದರೆ ವೀಸಾದ ಆಧಾರವೂ ಹೋಯಿತು. ಹಿಂಸೆಗೊಳಗಾದ ಇಂಥ ಪತ್ನಿಯರಿಗೆ ಕೆಲಸದ ಪರವಾನಗಿ ಕೊಡಬೇಕೆಂದು ಅಲ್ಲಿನ ಸಂಸತ್ತು 2005ರ ಸುಮಾರಿಗೇ ಒಪ್ಪಿತ್ತು, ಅರ್ಜಿ ನಮೂನೆ ಕೈಗೆ ಬಂದದ್ದು 2017ರಲ್ಲಿ. ಅಪರಾಧಕ್ಕೆ ಬಲಿಯಾದವರ ‘ಯು’ ವೀಸಾ ವರ್ಷಕ್ಕೆ 10,000 ಜನರಿಗೆ ಮಾತ್ರ. ಬ್ರಿಟನ್ 2024ರಲ್ಲಿ ವಲಸೆ ಕೆಲಸಗಾರರ, ವಿದ್ಯಾರ್ಥಿಗಳ ಹಿಂಸೆಗೊಳಗಾದ ಸಂಗಾತಿಗಳಿಗೂ ಮೂರು ತಿಂಗಳು ದೇಶದಲ್ಲಿ ಉಳಿಯುವ ರಿಯಾಯಿತಿ ಕೊಟ್ಟಿತು. ಮುಂದೆ ಕಾಯಂ ನೆಲೆಯ ದಾರಿ ಅವರಿಗೆ ಅದರಿಂದ ತೆರೆಯುವುದಿಲ್ಲ. ಬೀಡದ ಹೆಣ್ಣುಮಗಳನ್ನು ಗಡಿಯಾಚೆಗೆ ಕಳಿಸುವವರು ಯಾರೂ ಇಲ್ಲ.

ಆದರೆ ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಗೋಡೆ-ಬಾಗಿಲಿನ ಮನೆ. ‘ಹಂಚಿಕೊಂಡ ಮನೆ’ಯಿಂದ ಹೆಂಡತಿಯನ್ನು ಹೊರಹಾಕಬಾರದು ಎಂಬುದು ಅದರ ಬಲವಾದ ಅಂಶ. 2020ರ ಸತೀಶ್ ಚಂದರ್ ಅಹುಜಾ ತೀರ್ಪು ಅದನ್ನು ಅತ್ತೆ-ಮಾವನ ಹೆಸರಿನ ಮನೆಗೂ ವಿಸ್ತರಿಸಿತು. ನಾಲ್ಕೈದು ತಿಂಗಳಿಗೆ ಕಟ್ಟಿದ ತಾಡಪತ್ರಿಯ ಗುಡಿಸಲಿನಲ್ಲಿ ವಾಸದ ಹಕ್ಕು ಪಡೆದು ಆಕೆ ಮಾಡುವುದೇನು? ಬೇರೆ ಬಾಡಿಗೆ ಮನೆ ಕೊಡಿಸೆಂದು ಗಂಡನಿಗೆ ಆದೇಶಿಸಬಹುದು. ಅವನ ದುಡಿಮೆ ಮೊದಲೇ ಮುಕಾದಮನ ವಹಿಗೆ ಜಮೆಯಾಗಿರುತ್ತದೆ.

ಎರಡನೆಯ ತೊಡಕು ಕಾಲದ್ದು. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನ ಎನ್ನುತ್ತದೆ 12ನೇ ಕಲಂ. ಈ ಮಾತು ನಡೆದರೆ ಹಂಗಾಮು ಮುಗಿಯುವ ಮುಂಚೆ ಆದೇಶ ಕೈಗೆ ಸಿಗುತ್ತದೆ. ತಪ್ಪಿದರೆ ಗ್ಯಾಂಗು ಊರು ಸೇರಿರುತ್ತದೆ, ಮುಂದಿನ ತಾರೀಖಿಗೆ ಬೀಡದಿಂದ ಹುಕ್ಕೇರಿಗೆ ಬಸ್ಸಿನ ಖರ್ಚು ಅವಳದ್ದೇ.

ಮೂರನೆಯ ತೊಡಕು ಅಧಿಕಾರಿಯದ್ದು. ದೌರ್ಜನ್ಯದ ವರದಿ ಬರೆದು ನ್ಯಾಯಾಲಯದವರೆಗೆ ಆಕೆಗೆ ನೆರವಾಗಬೇಕಾದವರು ಕಾಯ್ದೆ ಹೇಳುವ ಸಂರಕ್ಷಣಾಧಿಕಾರಿ. ಕರ್ನಾಟಕದ ತಾಲ್ಲೂಕುಗಳಲ್ಲಿ ಈ ಹೊಣೆ ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಅಂಗನವಾಡಿಗಳನ್ನು ನಡೆಸುವ ಸಿಡಿಪಿಒ. ಅವರು ತುಂಬಬೇಕಾದ ಘಟನಾ ವರದಿಯ ಒಂದನೇ ನಮೂನೆ ಸಣ್ಣದಲ್ಲ: ಹೊಡೆತ, ಬೈಗುಳ, ಲೈಂಗಿಕ ಹಿಂಸೆ, ದುಡ್ಡು ಕಸಿದುಕೊಂಡದ್ದು, ಎಲ್ಲಕ್ಕೂ ಬೇರೆ ಬೇರೆ ಕೋಷ್ಟಕ. ಕೂತು, ಕೇಳಿ, ತುಂಬಿಸಬೇಕು. ಪೌಷ್ಟಿಕ ಆಹಾರದ ಲೆಕ್ಕದ ನಡುವೆ ಮಾಡಿ ಮುಗಿಸುವ ಕೆಲಸವಲ್ಲ. ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಿ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಆದೇಶಿಸಿತು. ಇರುವ ಅಧಿಕಾರಿಗೇ ಇನ್ನೊಂದು ಪದನಾಮ ಅಂಟಿಸಿದರೆ ಆದೇಶ ಪಾಲನೆಯಾದಂತೆ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಒಟ್ಟಿನಲ್ಲಿ ಕಾಯ್ದೆ ಒಳ್ಳೆಯದು, ಅದನ್ನು ಹೊಲದವರೆಗೆ ಒಯ್ಯುವ ವ್ಯವಸ್ಥೆ ದುರ್ಬಲ. ಹಂಗಾಮು ಆರಂಭವಾಗುತ್ತಲೇ ಸಂರಕ್ಷಣಾಧಿಕಾರಿ ಗುಡಿಸಲುಗಳಿಗೆ ಹೋಗಬೇಕು, ಕಾರ್ಖಾನೆಗಳು ಹೆಂಗಸಿನ ಕೂಲಿಯನ್ನು ಅವಳ ಹೆಸರಿಗೇ ಬರೆಸಬೇಕು. ಅಲ್ಲಿಯವರೆಗೆ ಆಕೆಗೆ ಗೊತ್ತಿರಬೇಕಾದದ್ದು ಇಷ್ಟು: ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಯಾವ ರಾಜ್ಯದವಳಾದರೂ, ಆದಾಯ ಎಷ್ಟೇ ಇದ್ದರೂ, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರ ನೆರವು ಹೆಣ್ಣಿಗೆ ಉಚಿತ.