ಅಲ್ಯೂಮಿನಿಯಂಗೆ ಕಬ್ಬಿಣದ ಮದ್ದು

ಭದ್ರಾವತಿಯಲ್ಲಿ ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಎಂದೂ ಕೊರತೆಯಿಲ್ಲ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದಾಗಿನಿಂದ ಈ ಊರಿನ ತಲೆಮಾರುಗಳೇ ಆ ಲೋಹದೊಡನೆ ಬದುಕಿವೆ. ಶಿವಮೊಗ್ಗದ ದಾರಿಯಲ್ಲಿ ಮಾಚೇನಹಳ್ಳಿಯ ಫೌಂಡ್ರಿಗಳು ಇಂದಿಗೂ ಎರಕ ಹೊಯ್ಯುತ್ತವೆ. ತುಕ್ಕು ಕಂಡರೆ ತಂತಿ ಬ್ರಷ್‌ನಲ್ಲಿ ಉಜ್ಜು, ರೆಡ್ ಆಕ್ಸೈಡ್ ಹೊಡಿ, ಮೇಲೆ ಬಣ್ಣ ಬಳಿ ಎಂಬುದು ಗೇಟು, ಗ್ರಿಲ್ಲುಗಳ ಮಟ್ಟಿಗೆ ಒಳ್ಳೆಯ ಪಾಠವೇ. ಅದೇ ಪಾಠವನ್ನು ಕಾರಿನ ಅಲಾಯ್ ವೀಲಿಗೂ ಅನ್ವಯಿಸುವುದಕ್ಕೇ ನನ್ನ ತಕರಾರು.

ಈ ವೀಲ್ ಸಾಮಾನ್ಯವಾಗಿ ಶೇ. 7ರಷ್ಟು ಸಿಲಿಕಾನ್, ಒಂದಿಷ್ಟು ಮೆಗ್ನೀಷಿಯಂ ಬೆರೆತ ಅಲ್ಯೂಮಿನಿಯಂ. ಅದರ ಮೇಲೆ ತಾನಾಗಿ ಕಟ್ಟಿಕೊಳ್ಳುವ ತೆಳು ಆಕ್ಸೈಡ್ ಪದರವೇ ಅದಕ್ಕೆ ಕಾವಲು. ಉಕ್ಕಿನ ತಂತಿ ಬ್ರಷ್ ಹಾಕಿ ಉಜ್ಜಿದರೆ ಕಬ್ಬಿಣದ ಕಣಗಳು ಮೆತ್ತನೆಯ ಲೋಹದೊಳಗೆ ಹೂತುಕೊಳ್ಳುತ್ತವೆ. ನೀರು ತಾಗಿದಾಗ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ, ಸವೆಯುವುದು ಅಲ್ಯೂಮಿನಿಯಂ. ಬ್ಯಾಲೆನ್ಸಿಂಗ್‌ಗೆಂದು ಅಂಚಿಗೆ ಬಡಿಯುವ ಉಕ್ಕಿನ ಕ್ಲಿಪ್ಪಿನ ಕೆಳಗೆ ಬಿಳಿ ಪುಡಿ ಏಳುವುದೂ ಹೀಗೆಯೇ. ವಾಟರ್ ಸರ್ವಿಸ್‌ನಲ್ಲಿ ಬ್ರೇಕ್ ಪುಡಿಯ ಕರಿ ತೆಗೆಯಲು ಖಾರವಾದ ಆಸಿಡ್ ಬಳಿಯುವ ರೂಢಿ ಇನ್ನೂ ಕೆಟ್ಟದ್ದು. ಕಾಸ್ಟಿಕ್ ಬಳಸಿದರೂ ಅಷ್ಟೇ. ಈ ಲೋಹ ಎರಡಕ್ಕೂ ಕರಗುತ್ತದೆ.

ಶೋರೂಮಿನಲ್ಲಿ ಎಲ್ಲರ ಕಣ್ಣು ಕುಕ್ಕುವುದು ಡೈಮಂಡ್ ಕಟ್ ವೀಲ್. ಬಣ್ಣ ಹೊಡೆದ ವೀಲಿನ ಮುಖವನ್ನು ಲೇತಿಗೆ ಕೊಟ್ಟು ನುಣ್ಣಗೆ ಹೆರೆದಿರುತ್ತಾರೆ. ಹೆರೆದ ಜಾಗದಲ್ಲಿ ಬರಿ ಲೋಹ, ಅದರ ಮೇಲೆ ಪಾರದರ್ಶಕ ಲ್ಯಾಕರ್ ಮಾತ್ರ. ಚೂಪು ಅಂಚುಗಳಲ್ಲಿ ಆ ಲ್ಯಾಕರ್ ತೀರ ತೆಳು. ಒಂದು ಜಲ್ಲಿಕಲ್ಲು ಸಿಡಿದರೆ ಸಾಕು, ಜೂನ್‌ನಿಂದ ತಿಂಗಳುಗಟ್ಟಲೆ ಆರದ ನಮ್ಮ ಮಲೆನಾಡಿನ ತೇವ ಒಳಗೆ ಇಳಿದು, ಲ್ಯಾಕರಿನ ಅಡಿಯಲ್ಲೇ ಬಿಳಿಯ ಎಳೆಗಳು ಹರಡತೊಡಗುತ್ತವೆ. ಮೇಲಿನಿಂದ ಎಷ್ಟು ಪಾಲಿಶ್ ಮಾಡಿದರೂ ಅವು ಹೋಗವು. ಮತ್ತೆ ಲೇತಿಗೆ ಕೊಟ್ಟರೆ ಹೊಸತಾಗುತ್ತದೆ ನಿಜ, ಆದರೆ ಪ್ರತಿ ಸಲವೂ ಲೋಹ ತೆಳ್ಳಗಾಗುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲೂ ಓಡಾಡುವವರಿಗೆ ಈ ಫಿನಿಶ್ ಬೇಡವೆಂದೇ ನಾನು ಹೇಳುತ್ತೇನೆ, ಅದು ಎಷ್ಟೇ ಚೆಂದವಿರಲಿ.

ರಿಪೇರಿಯ ಮಾತಿಗೆ ಬಂದರೆ, ಟೈರ್ ಬಿಚ್ಚದೆ ಸುತ್ತ ಪೇಪರ್ ಸಿಕ್ಕಿಸಿ, ಪುಟ್ಟಿ ತುಂಬಿ, ಸಂಜೆಯೊಳಗೆ ಸಿಲ್ವರ್ ಸ್ಪ್ರೇ ಹೊಡೆದುಕೊಡುವ ಕೆಲಸವನ್ನು ನಾನು ರಿಪೇರಿಯೆಂದು ಒಪ್ಪಲಾರೆ. ಗೆದ್ದಲು ಹಿಡಿದ ಬಾಗಿಲಿಗೆ ವಾರ್ನಿಶ್ ಹೊಡೆದ ಹಾಗೆ. ಟೈರಿನ ಬೀಡ್ ಕೂರುವ ಅಂಚಿನಲ್ಲಿ ಸವಕಲು ಹಾಗೇ ಉಳಿದಿರುತ್ತದೆ, ಅಲ್ಲಿಂದಲೇ ಗಾಳಿ ಸೋರುತ್ತದೆ. ಪಂಕ್ಚರ್ ಅಂಗಡಿಯವರು ಟ್ಯೂಬ್‌ಲೆಸ್ ಟೈರನ್ನು ನೀರಿನಲ್ಲಿ ಮುಳುಗಿಸಿ ಮೊಳೆ ಹುಡುಕಿ ಸೋಲುವುದು ಇದೇ ಕಾರಣಕ್ಕೆ.

ಮೆಚ್ಚತಕ್ಕ ಕೆಲಸ ನಿಧಾನದ್ದು. ಟೈರ್, ವಾಲ್ವ್, ತೂಕದ ತುಂಡು ಎಲ್ಲವನ್ನೂ ತೆಗೆದು, ಹಳೆಯ ಪದರವನ್ನು ಪೂರ್ತಿ ಕಳಚಿ, ಗುಳಿ ಬಿದ್ದಲ್ಲಿ ಹಸನಾದ ಲೋಹ ಕಾಣುವ ತನಕ ಅಲ್ಯೂಮಿನಿಯಂ ಆಕ್ಸೈಡ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಬೇಕು. ಅಲ್ಯೂಮಿನಿಯಂಗೆ ಒಗ್ಗುವ ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣದ ಪೌಡರ್ ಕೋಟಿಂಗ್. ಡೈಮಂಡ್ ಕಟ್ಟಿನ ಎರಡು ಬಣ್ಣದ ಮಿಂಚು ಹೋಗುತ್ತದೆ, ವೀಲಿನ ಮೈಯೆಲ್ಲ ಒಂದೇ ಹೊದಿಕೆಯಾಗುತ್ತದೆ. ನನಗೆ ಆ ನಷ್ಟ ಒಪ್ಪಿಗೆ. ಪೌಡರ್ ಬೇಯುವುದು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರ್ಖಾನೆಯಲ್ಲಿ ಶಾಖೋಪಚಾರದಿಂದಲೇ ಗಟ್ಟಿಯಾದ ಲೋಹವಿದು, ಹಾಗಾಗಿ ಒಲೆಯ ಶಾಖವೂ ಹೊತ್ತೂ ಮಿತಿ ಮೀರಬಾರದು. ಬೆಂಡಾದ ವೀಲನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಬಡಿಯುವುದು, ಬಿರುಕಿಗೆ ವೆಲ್ಡಿಂಗ್ ಹಾಕುವುದು ಎರಡೂ ಜೀವಕ್ಕೆ ಅಪಾಯ. ಅಂಥ ವೀಲನ್ನು ಗುಜರಿಗೆ ಹಾಕುವುದೇ ಸರಿ.

ಒಳ್ಳೆಯ ಕೋಟಿಂಗ್‌ನಲ್ಲೂ ಒಂದು ತಪ್ಪು ನುಸುಳುತ್ತದೆ. ನಟ್ ಕೂರುವ ಗುಳಿ, ಹಬ್‌ಗೆ ತಾಗುವ ಹಿಂಬದಿ, ಇವನ್ನು ಮುಚ್ಚದೆ ಪೌಡರ್ ಹೊಡೆದರೆ ಆ ದಪ್ಪ ಪದರ ಒತ್ತಡಕ್ಕೆ ಕುಗ್ಗಿ ನಟ್ ಸಡಿಲವಾಗುತ್ತದೆ. ಕೆಲಸ ಒಪ್ಪಿಸುವ ಮೊದಲೇ ಈ ಮಾತನ್ನು ಆಡಬೇಕು. ವೀಲ್ ಕೂರಿಸಿದ ಮೇಲೆ ಶಿವಮೊಗ್ಗ–ಭದ್ರಾವತಿ ನಡುವೆ ಎರಡು ಸಲ ಹೋಗಿಬಂದು, ಟಾರ್ಕ್ ರೆಂಚ್ ಇರುವ ಕಡೆ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಬೇಕು.