ರೆಪ್ಪೆ ಬರೆದ ಪುಸ್ತಕ

ಫ್ರಾನ್ಸಿನ 'ಎಲ್' ಪತ್ರಿಕೆಯ ಸಂಪಾದಕ ಜಾನ್ ಡೊಮಿನಿಕ್ ಬೋಬಿ ಅವರಿಗೆ 1995ರ ಡಿಸೆಂಬರಿನಲ್ಲಿ ಮೆದುಳಿನ ಆಘಾತವಾಯಿತು. ಬುದ್ಧಿ ನಿಚ್ಚಳವಾಗಿಯೇ ಉಳಿಯಿತು. ಮನಸ್ಸಿನ ಮಾತನ್ನು ಹೊರಗೆ ದಾಟಿಸಲು ಉಳಿದದ್ದು ಎಡಗಣ್ಣಿನ ರೆಪ್ಪೆಯೊಂದೇ. ಸಹಾಯಕಿ ಒಂದೊಂದೇ ಅಕ್ಷರ ಹೇಳುತ್ತಿದ್ದರು, ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮಿಟುಕಿಸುತ್ತಿದ್ದರು. ಹೀಗೆ ಮೂಡಿದ ಪುಸ್ತಕ 1997ರ ಮಾರ್ಚಿನಲ್ಲಿ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಬೋಬಿ ತೀರಿಕೊಂಡರು. ಇಂಗ್ಲಿಷಿನಲ್ಲಿ ಅದು 'ದಿ ಡೈವಿಂಗ್ ಬೆಲ್ ಅಂಡ್ ದಿ ಬಟರ್‌ಫ್ಲೈ' ಎಂಬ ಹೆಸರಿನಲ್ಲಿದೆ.

ಇದನ್ನು ಕನಿಕರದಿಂದ ಓದಬೇಕಾಗಿಲ್ಲ. ಅಧ್ಯಾಯಗಳು ಚಿಕ್ಕವು, ವಾಕ್ಯಗಳು ಬಿಗಿ. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಮತ್ತೆ ಮತ್ತೆ ತಿದ್ದಿ, ಬಾಯಿಪಾಠ ಮಾಡಿಕೊಂಡು ಬರೆಸಿದವರು ಅವರು. ತಮ್ಮ ಸ್ಥಿತಿಯನ್ನೇ ಗೇಲಿ ಮಾಡಬಲ್ಲರು. ಧಾರಾಳವಾಗಿ ಕಾಗದ ಖರ್ಚು ಮಾಡುವ ನಾವು ಕತೆಗಾರರು ಇದರಿಂದ ಕಲಿಯುವುದಿದೆ.

ಆದರೆ ಈ ಪುಸ್ತಕ ಕೇಳದ ಪ್ರಶ್ನೆಯೊಂದಿದೆ. ಬೋಬಿಯವರಿಗೆ ಪ್ರಕಾಶಕರಿದ್ದರು, ಬರೆದುಕೊಳ್ಳಲು ಬಂದು ಕೂರುವವರಿದ್ದರು. ಲಕ್ವ ಹೊಡೆದು ಮಾತು ನಿಂತುಹೋದ ಒಬ್ಬ ಬೀಡಿ ಕಟ್ಟುವ ಹೆಂಗಸಿನ ಎದುರು ಯಾರು ಕೂರುತ್ತಾರೆ?

ಯಂತ್ರ ಕೂರಬಹುದು ಎಂಬ ಭರವಸೆ ಹಳೆಯದು. 1988ರಲ್ಲೇ ಫಾರ್ವೆಲ್ ಮತ್ತು ಡಾಂಚಿನ್ ಎಂಬ ವಿಜ್ಞಾನಿಗಳು ಆರು ಅಡ್ಡಸಾಲು, ಆರು ಉದ್ದಸಾಲುಗಳ ಅಕ್ಷರಪಟವೊಂದನ್ನು ಪರದೆಯ ಮೇಲೆ ಮಿನುಗಿಸಿದರು. ಬೇಕಾದ ಅಕ್ಷರ ಬೆಳಗಿದ ಸುಮಾರು 300 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಅಲೆಯೊಂದು ಏಳುತ್ತದೆ. ನೆತ್ತಿಯ ಮೇಲೆ ಅಂಟಿಸಿದ ತಂತಿಗಳು ಅದನ್ನು ಹಿಡಿಯುತ್ತವೆ. ಮೆದುಳಿನೊಳಗೆ ಚಿಪ್ಪು ಇಡುವ ವಿಧಾನ ಇದಕ್ಕಿಂತ ಬಹಳ ವೇಗದ್ದು. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಹೀಗೆ ನಿಮಿಷಕ್ಕೆ 62 ಪದ ಹೊರಡಿಸಿತು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಬಡವರ ಕೈಗೆ ಎಂದಾದರೂ ಎಟುಕುವುದಿದ್ದರೆ ಅದು ಶಸ್ತ್ರಚಿಕಿತ್ಸೆ ಬೇಡದ ನೆತ್ತಿಯ ತಂತಿಯೇ.

ಎಟುಕುವುದು ಎಂದರೆ ಬೆಲೆ ಇಳಿಯುವುದಷ್ಟೇ ಅಲ್ಲ. ಆ 36 ಮನೆಗಳಲ್ಲಿ ಇಂಗ್ಲಿಷಿನ 26 ಅಕ್ಷರಗಳು ಆರಾಮಾಗಿ ಕೂರುತ್ತವೆ. ನಮ್ಮ 49 ಅಕ್ಷರಗಳು, ಅವುಗಳ ಕಾಗುಣಿತ, ಒತ್ತು ಎಲ್ಲಿ ಕೂರಬೇಕು? ಬಲದಿಂದ ಎಡಕ್ಕೆ ಹರಿಯುವ ಉರ್ದುವಿನ ಗತಿಯೇನು? ಬೋಬಿಯವರ ಅಕ್ಷರಪಟ್ಟಿ 'ಇ'ಯಿಂದ ಶುರುವಾಗುತ್ತಿತ್ತು. ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಅದೇ. ಪಟ್ಟಿ ಅವರ ಭಾಷೆಯ ಅಳತೆಗೆ ಹೊಲಿದದ್ದು. ಓದೇ ಬಾರದ ಆ ಹೆಂಗಸಿಗೆ ಬೇಕಾದದ್ದು ಚಿತ್ರಗಳ ಪಟ: ನೀರು, ನೋವು, ಮಗ್ಗುಲು ಬದಲಿಸು, ಮಗಳನ್ನು ಕರೆ.

ಇಂಥ ಪಟ ಮಾಡಲು ಪ್ರಯೋಗಾಲಯ ಬೇಕಿಲ್ಲ. ರಟ್ಟು, ಬಣ್ಣ ಸಾಕು. ಯಂತ್ರ ಅಗ್ಗವಾಗುವ ದಿನಕ್ಕೆ ಕಾಯುತ್ತಲೇ ಈ ಕೆಲಸ ಶುರು ಮಾಡಬಹುದು. ಬೋಬಿಯವರ ಪುಸ್ತಕವನ್ನು ಸಾಧ್ಯವಾಗಿಸಿದ್ದು ಅವರ ಛಲ ಮಾತ್ರವಲ್ಲ, ಅಕ್ಷರ ಬರುವವರೆಗೂ ಕಾದು ಕೂತವರ ತಾಳ್ಮೆ ಕೂಡ.